ಕೈಲ್ ಪೊಳ್ದ್ ತೆಂಗಿನಕಾಯಿ ಪಂದ್ಯಕ್ಕೆ ಯಾವ ಕೋವಿ, ಯಾವ ತೋಟಾ?

ಕೈಲ್ ಪೊಳ್ದ್ ಕೊಡವರ ಆಯುಧಪೂಜೆಯ ಹಬ್ಬ, ಅದರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಜಿಂಕೆ ಬೇಟೆಗೆಂದು ಬರೆದ ವಿದೇಶಿ ವಿಮರ್ಶೆಗಳನ್ನು ಓದಿ ರೈಫಲ್ ಆರಿಸುವವರು ಕೊಡಗಿನಲ್ಲೂ ಇದ್ದಾರೆ. ಆ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಇಂಗ್ಲೆಂಡಿನ ಕಾನೂನು, ಒಂದೆರಡು ಸಣ್ಣ ಜಾತಿಗಳನ್ನು ಬಿಟ್ಟರೆ, ಜಿಂಕೆಗೆ ಕನಿಷ್ಠ ಪಾಯಿಂಟ್ 240 ಅಂಗುಲ ಒಳವ್ಯಾಸದ ನಳಿಗೆ, 1,700 ಅಡಿ-ಪೌಂಡ್ ಶಕ್ತಿ, ತಾಗಿದೊಡನೆ ಅರಳುವ ಗುಂಡು ಇರಲೇಬೇಕೆನ್ನುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ, ಕಡವೆ ಬೇಟೆ ಅಪರಾಧ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ 2029ರವರೆಗೆ ಸಿಕ್ಕಿರುವುದು ಶಸ್ತ್ರ ಪರವಾನಗಿಯಿಂದ ವಿನಾಯಿತಿ, ಬೇಟೆಗೆ ಅನುಮತಿಯಲ್ಲ. ಆದ್ದರಿಂದ ಇಲ್ಲಿ ಕೋವಿಗಳನ್ನು ತೂಗಿ ನೋಡಿರುವುದು ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕಾಗಿ.

ನಮ್ಮ ಮೊದಲ ಆಯ್ಕೆ ಪಾಯಿಂಟ್ 22 ಎಲ್‌ಆರ್ (ಲಾಂಗ್ ರೈಫಲ್ ಎಂಬ ಸಣ್ಣ ತೋಟಾದ) ಬೋಲ್ಟ್ ರೈಫಲ್, ಅಂದರೆ ಪ್ರತಿ ಗುಂಡಿಗೂ ಬೋಲ್ಟ್ ಎಂಬ ಹಿಡಿಯನ್ನು ಕೈಯಿಂದ ಎಳೆದು ತೋಟಾ ಏರಿಸುವ ರೈಫಲ್. ಒದೆತ ಇಲ್ಲವೆನ್ನುವಷ್ಟು ಕಡಿಮೆ, ಹೊಸಬರೂ ಹೆದರದೆ ಕುದುರೆ (ಟ್ರಿಗರ್) ಎಳೆಯಬಹುದು. ತೋಟಾ ಕೊಳ್ಳುವಾಗ ಮಾತ್ರ ವೇಗದ ಆಸೆಗೆ ಬೀಳಬಾರದು. ಸಿಸಿಐ ಮಿನಿ-ಮ್ಯಾಗ್ ತೋಟಾದ 40 ಗ್ರೇನ್ ತೂಕದ ಗುಂಡು ಸೆಕೆಂಡಿಗೆ 1,235 ಅಡಿ ವೇಗದಲ್ಲಿ ಹೊರಡುತ್ತದೆ. ಅಂದರೆ ಶಬ್ದಕ್ಕಿಂತ ವೇಗ. 50 ಮೀಟರ್ ಮುಟ್ಟುವುದರೊಳಗೆ ಅದು ಶಬ್ದದ ವೇಗದ ಆಸುಪಾಸಿಗೆ ಇಳಿಯುತ್ತದೆ, ಆ ಹಂತದಲ್ಲಿ ಗುಂಡು ಕದಲಬಹುದು, ಅಡ್ಡಗಾಳಿಗೆ ಹೆಚ್ಚು ಸರಿಯುತ್ತದೆ. ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್ 1,073 ಅಡಿಯಲ್ಲಿ, ಈಲಿ ಟೆನೆಕ್ಸ್ 1,085 ಅಡಿಯಲ್ಲಿ ಹೊರಡುವುದರಿಂದ ಈ ತೊಂದರೆಯೇ ಇಲ್ಲ. ಕಾಯಿ ಒಡೆಯಲು ಎಸ್‌ಕೆ ಧಾರಾಳವಾಗಿ ಸಾಕು. ಟೆನೆಕ್ಸ್ ಕಾಗದದ ಗುರಿಗೆ ಮಾಡಿದ್ದು, ಅದರ ಬೆಲೆಯನ್ನು ತೆಂಗಿನಕಾಯಿಯ ಮೇಲೆ ಸುರಿಯುವ ಅಗತ್ಯವಿಲ್ಲ. ಸಿಸಿಐ ಸ್ಟಿಂಗರ್ ಅನ್ನು ದೂರವಿಡಿ: ಅದರ ಹಿತ್ತಾಳೆ ಕೊಳವೆ ಮಾಮೂಲಿಗಿಂತ ಉದ್ದ, ಮ್ಯಾಚ್ (ಪಂದ್ಯದ) ರೈಫಲ್‌ನ ಬಿಗಿ ಚೇಂಬರಿನಲ್ಲಿ, ಅಂದರೆ ತೋಟಾ ಕೂರುವ ಗೂಡಿನಲ್ಲಿ, ಸಿಕ್ಕಿ ಒತ್ತಡ ಏರುತ್ತದೆ.

ಒಂದೇ ತೋಟಾ ಎರಡು ರೈಫಲ್‌ಗಳಲ್ಲಿ ಒಂದೇ ಥರ ಹೊಡೆಯುವುದಿಲ್ಲ. ಪಂದ್ಯಕ್ಕೆ ಮುಂಚೆ ರೇಂಜ್‌ನಲ್ಲಿ ಮರಳುಚೀಲದ ಮೇಲೆ ಕೋವಿ ಇಟ್ಟು, 50 ಮೀಟರಿನಲ್ಲಿ ಐದೈದು ಗುಂಡು ಹೊಡೆದು ಯಾವುದು ಹತ್ತಿರ ಹತ್ತಿರ ಬೀಳುತ್ತದೆ ನೋಡಿ. ಬ್ರ್ಯಾಂಡ್ ಬದಲಿಸಿದರೆ ಮೊದಲ ಹತ್ತು ಹದಿನೈದು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಳೆಯ ತೋಟಾದ ಮೇಣ ನಳಿಗೆಯೊಳಗೆ ಉಳಿದಿರುತ್ತದೆ. 50 ಮೀಟರಿಗೆ ಕಟ್ಟಿದ ಗುರಿ 100 ಮೀಟರಿಗೆ ಹೋದರೆ ಹೆಚ್ಚುಕಡಿಮೆ ಒಂದು ಗೇಣು ಕೆಳಗೆ ಬೀಳುತ್ತದೆ. ದೂರ ಮೊದಲೇ ವಿಚಾರಿಸಿಕೊಳ್ಳಿ.

ಇದೇ ಪಾಯಿಂಟ್ 22ರ ಶಕ್ತಿ ಸುಮಾರು 135 ಅಡಿ-ಪೌಂಡ್. ಮೇಲೆ ಹೇಳಿದ 1,700ರ ಪಕ್ಕದಲ್ಲಿಟ್ಟು ನೋಡಿ. ಕದ್ದುಮುಚ್ಚಿ ಇದನ್ನು ಜಿಂಕೆಯ ಮೇಲೆ ಹಾರಿಸಿದರೆ ಅಪರಾಧವೂ ಹೌದು, ಆ ಪ್ರಾಣಿ ಕಾಡಿನೊಳಗೆ ನರಳಿ ಸಾಯುವುದೂ ಹೌದು.

ಚರೆ ಹಾರಿಸುವ 12 ಬೋರ್ ಕೋವಿ ಮನೆಯಲ್ಲಿದ್ದರೆ ಹೊಸದಾಗಿ ರೈಫಲ್ ಕೊಳ್ಳಬೇಕಿಲ್ಲ, ಆದರೆ ತೋಟಾ ತರುವ ಮುನ್ನ ನಳಿಗೆ ಕಳಚಿ ಅಡಿಭಾಗದ ಮುದ್ರೆ ಓದಿ. ಐನ್‌ಮನೆಗಳಲ್ಲಿ (ಕೊಡವ ಕುಟುಂಬದ ಮೂಲಮನೆಗಳಲ್ಲಿ) ಇರುವ ಹಳೆಯ ಇಂಗ್ಲಿಷ್ ಜೋಡಿನಳಿಗೆಗಳಲ್ಲಿ ಎರಡೂವರೆ ಅಂಗುಲದ, ಅಂದರೆ 65 ಮಿ.ಮೀ. ಚೇಂಬರ್ ಇರುವುದುಂಟು. 70 ಮಿ.ಮೀ. ತೋಟಾ ಅದರೊಳಗೆ ಸಲೀಸಾಗಿ ಕೂರುತ್ತದೆ, ಅಪಾಯ ಅಲ್ಲೇ ಇದೆ: ಹಾರಿಸಿದಾಗ ಮಡಿಚಿದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಮಿತಿಮೀರುತ್ತದೆ. ನಳಿಗೆಯ ಮೈಮೇಲೆ ಅಲೆಅಲೆಯಾದ ಗೆರೆಗಳು ಕಂಡರೆ ಅದು ಡಮಾಸ್ಕಸ್, ಅಂದರೆ ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ಹಳೆಯ ನಳಿಗೆ. ಪೂಜೆಗಿಡಿ, ಇಂದಿನ ತೋಟಾ ಹಾಕಬೇಡಿ.

ಪಾಯಿಂಟ್ 315 ಗಟ್ಟಿಮುಟ್ಟಾದ ಕೋವಿ, ಐದು ತೋಟಾದ ಮ್ಯಾಗಜೀನ್, ಬೋಲ್ಟ್ ಕೂಡ ನಂಬುವಂಥದ್ದು. ಪಂದ್ಯಕ್ಕೆ ಮಾತ್ರ ಬೇಡ. 244 ಗ್ರೇನ್ ಗುಂಡು ಕಾಯಿಯನ್ನು ಸೀಳಿ ನಿಲ್ಲದೆ ಮುಂದಕ್ಕೆ ಹೋಗುತ್ತದೆ, ಭುಜವೂ ಬೇಗ ಸೋಲುತ್ತದೆ.

ಪಾಯಿಂಟ್ 22 ಎಂದು ಸಸಾರ ಮಾಡುವಂತೆಯೂ ಇಲ್ಲ. ಅದರ ಗುಂಡು ಎರಡು ಕಿಲೋಮೀಟರ್ ದಾಟಬಲ್ಲದು. ಮರದ ತುದಿಗೆ ಕಟ್ಟಿದ ಕಾಯಿಗೆ ಹೊಡೆದರೆ ತಪ್ಪಿದ ಗುಂಡು ಪಕ್ಕದ ತೋಟದ ಕಾರ್ಮಿಕರ ಲೈನ್ ಮನೆಯ ಮೇಲೂ ಬೀಳಬಹುದು. ಕಾಯಿಯ ಹಿಂದೆ ಎತ್ತರದ ಮಣ್ಣಿನ ಬರೆ (ದಿಬ್ಬ) ಇರಲೇಬೇಕು. ಬಂಡೆಯಾಗಲಿ ನೀರು ನಿಂತ ಗದ್ದೆಯಾಗಲಿ ಹಿಂದಿದ್ದರೆ ಸೀಸದ ಗುಂಡು ಚಿಮ್ಮಿ ದಿಕ್ಕು ಬದಲಿಸುತ್ತದೆ.

ಕೊಡಗಿನ ಮಳೆಗಾಲ ತೋಟಾಕ್ಕೂ ಶತ್ರು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ, ಒಲೆಯ ಮೇಲಿನ ಅಟ್ಟ ಬೇಡ. ತೋಟಾಕ್ಕೆ ಎಣ್ಣೆ ಸವರಬೇಡಿ, ಎಣ್ಣೆ ಒಳಗಿಳಿದರೆ ಮದ್ದು ಕೆಡುತ್ತದೆ. ಕನ್ನಿ ಕೋಂಬರೆಯಲ್ಲಿ (ದೇವರ ಕೋಣೆಯಲ್ಲಿ) ಪೂಜೆಗಿಟ್ಟ ಕೋವಿಯನ್ನು ಹೊರತಂದ ಮೇಲೆ ಬೋಲ್ಟ್ ತೆಗೆದು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಬಾಯಿಗೆ ಸಿಕ್ಕಿಸಿದ ತೋಕ್ ಪೂವಿನ ತೊಟ್ಟು ಮುರಿದು ಒಳಗೆ ಉಳಿದಿರಬಹುದು, ಕಣಜ ಮಣ್ಣು ಮೆತ್ತಿರಬಹುದು. ಎರಡರಲ್ಲಿ ಯಾವುದಿದ್ದರೂ ನಳಿಗೆ ಉಬ್ಬುತ್ತದೆ ಅಥವಾ ಸಿಡಿಯುತ್ತದೆ. ಒಳಗಿನ ಎಣ್ಣೆಯನ್ನು ಒಣಬಟ್ಟೆಯಿಂದ ಹಿಂದಿನಿಂದ ಮುಂದಕ್ಕೆ ಒರೆಸಿ ತೆಗೆಯಿರಿ, ಇಲ್ಲವಾದರೆ ಮೊದಲ ಗುಂಡು ಗುರಿ ಬಿಟ್ಟು ಬೀಳುತ್ತದೆ.

ಕುದುರೆ ಎಳೆದರೂ ತೋಟಾ ಹಾರದಿದ್ದರೆ ನಳಿಗೆಯನ್ನು ಬರೆಯ ಕಡೆಗೇ ಹಿಡಿದು 30 ಸೆಕೆಂಡ್ ಕಾದು ಬೋಲ್ಟ್ ತೆರೆಯಿರಿ. ಸದ್ದು ಠುಸ್ಸೆಂದರೆ ಗುಂಡು ನಳಿಗೆಯಲ್ಲೇ ಸಿಕ್ಕಿರುವ ಸಂಭವ ಹೆಚ್ಚು. ಕೋವಿ ಖಾಲಿ ಮಾಡಿ, ಬೋಲ್ಟ್ ತೆಗೆದು, ನಳಿಗೆ ಪೂರ್ತಿ ಖಾಲಿ ಎಂದು ಕಣ್ಣಾರೆ ಕಾಣುವವರೆಗೆ ಮುಂದಿನ ತೋಟಾ ಹಾಕಬೇಡಿ.