ಫೀನಿಕ್ಸ್‌ನ ಹಾಲ್ ಆಫ್ ಫ್ಲೇಮ್: ಕೈಪಂಪಿನ ಅಗ್ನಿಶಾಮಕ ಯಂತ್ರದ ಮುಂದೆ

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿರುವ ಹಾಲ್ ಆಫ್ ಫ್ಲೇಮ್ ಎಂಬ ಅಗ್ನಿಶಾಮಕ ವಸ್ತುಸಂಗ್ರಹಾಲಯಕ್ಕೆ ಹೋದವರು ಕೆಂಪಗೆ ಹೊಳೆಯುವ ಮೋಟಾರು ವಾಹನಗಳತ್ತ ಧಾವಿಸುವ ಮೊದಲು, ಅಲ್ಲಿನ ಅತ್ಯಂತ ಹಳೆಯ ಯಂತ್ರವಾದ 1725ರ ನ್ಯೂಷಮ್ ಕೈಪಂಪಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆಂಬುದು ನನ್ನ ಕೋರಿಕೆ.

ಲಂಡನ್ನಿನಲ್ಲಿ ಅಂಗಿಯ ಗುಂಡಿಗಳನ್ನು ತಯಾರಿಸುತ್ತಿದ್ದ ರಿಚರ್ಡ್ ನ್ಯೂಷಮ್ 1721ರಲ್ಲಿ ತಮ್ಮ ಅಗ್ನಿಶಾಮಕ ಯಂತ್ರಕ್ಕೆ ಪೇಟೆಂಟ್ ಪಡೆದರು. ಉದ್ದನೆಯ, ಕಿರಿದಾದ ತೊಟ್ಟಿಗೆ ಬಕೆಟ್ಟುಗಳಿಂದ ನೀರು ಸುರಿದು, ಎರಡೂ ಬದಿಯ ಹಿಡಿಕೆಗಳನ್ನು ಜನರು ಮೇಲೆ ಕೆಳಗೆ ಆಡಿಸಿದಂತೆ ಎರಡು ಪಿಸ್ಟನ್‌ಗಳು ಸರದಿಯಾಗಿ ನೀರನ್ನು ತಳ್ಳುತ್ತಿದ್ದವು. ಆ ನೀರು ನೇರವಾಗಿ ಹೊರಬರದೆ, ಗಾಳಿ ತುಂಬಿದ ಮುಚ್ಚಿದ ಪಾತ್ರೆಯೊಳಗೆ ನುಗ್ಗಿ ಗಾಳಿಯನ್ನು ಅದುಮುತ್ತಿತ್ತು. ಅದುಮಿದ ಗಾಳಿ ನೀರನ್ನು ಎಡೆಬಿಡದೆ ನೂಕುತ್ತಿದ್ದುದರಿಂದ ಧಾರೆ ಕಡಿಯದೆ ಚಿಮ್ಮುತ್ತಿತ್ತು. ಇಡೀ ಯಂತ್ರದ ಜಾಣ್ಮೆ ಈ ಪಾತ್ರೆಯಲ್ಲೇ ಇದೆಯೆಂದು ನನಗನಿಸುತ್ತದೆ. ನ್ಯೂಯಾರ್ಕ್ ನಗರವು 1731ರಲ್ಲಿ ಇಂಥ ಎರಡು ಯಂತ್ರಗಳನ್ನು ಲಂಡನ್ನಿನಿಂದ ತರಿಸಿಕೊಂಡಿತ್ತು.

ಹಳೆಯ ಕೈಪಂಪುಗಳ ದುರಸ್ತಿಯಲ್ಲಿ ಬಣ್ಣಕ್ಕಿಂತ ಚರ್ಮದ ಕೆಲಸವೇ ಕಷ್ಟ. ಪಿಸ್ಟನ್ನಿನ ಸುತ್ತಲಿನ ಚರ್ಮದ ವಾಷರ್ ಒಣಗಿ ಸೆಟೆದುಕೊಂಡರೆ ಅಂಚಿನಿಂದ ನೀರು ಸೋರಿ ಧಾರೆಯ ಬಲ ಕುಗ್ಗುತ್ತದೆ. ಹೊಸ ಚರ್ಮವನ್ನು ಎಣ್ಣೆಯಲ್ಲಿ ನೆನೆಸಿ, ಮೆದುವಾಗಿಸಿ ಕೂರಿಸಬೇಕಾಗುತ್ತದೆ. ಹಾಗೆಯೇ, ಮೂಲ ಬಣ್ಣ ಎಲ್ಲಿಯಾದರೂ ಉಳಿದಿದ್ದರೆ ಅದನ್ನು ಕೆರೆದು ಹೊಸದಾಗಿ ಬಳಿಯುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಹೋದ ಪದರ ಮರಳಿ ಬಾರದು.

ಮಕ್ಕಳೊಂದಿಗೆ ಹೋಗುವವರಿಗೆ, ಹತ್ತಿ ಕೂರಬಹುದಾದ 1951ರ ಅಗ್ನಿಶಾಮಕ ವಾಹನವೂ ಅಲ್ಲಿದೆ. ಮೃಗಾಲಯ ಹತ್ತಿರದಲ್ಲೇ ಇರುವುದರಿಂದ ಎರಡನ್ನೂ ಒಂದೇ ದಿನ ನೋಡಬಹುದು.