ಮೂರು ಬೇಸಿಗೆ ದಾಟಿದ ಎಡಿಎಸ್1115: ಕಲಬುರಗಿಯ ಮಾಳಿಗೆಯಿಂದ

ಎಡಿಎಸ್1115 ಎಂಬ ಈ 16 ಬಿಟ್ ಎಡಿಸಿ ಮಾಡ್ಯೂಲನ್ನು (ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಪುಟ್ಟ ಬೋರ್ಡ್) ಕೊಂಡದ್ದು ಮಾಳಿಗೆಯ ಮೇಲಿನ ಸೋಲಾರ್ ಬ್ಯಾಟರಿಯ ವೋಲ್ಟೇಜ್ ಅಳೆಯಲು. ತಗಡಿನ ನೆರಳಿನ ಕೆಳಗೆ, ಒಂದು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕಲಬುರಗಿಯ ಮೂರು ಬೇಸಿಗೆಗಳನ್ನು ಅದು ಕಳೆದಿದೆ. ಕೊಂಡ ವಾರವೇ ಐದು ನಕ್ಷತ್ರ ಒತ್ತಿ ಮರೆಯುವಂಥ ವಸ್ತು ಇದಲ್ಲ.

ಮೊದಲು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಚಿಪ್ಪಿನೊಳಗಿನ 12 ಬಿಟ್ ಎಡಿಸಿಯನ್ನೇ ನೆಚ್ಚಿಕೊಂಡಿದ್ದೆ. ಅಳತೆಯ ತುದಿಗಳಲ್ಲಿ ಅದರ ಗೆರೆ ಬಾಗುತ್ತದೆ, ಅಂಕಿಗಳೂ ಕುಣಿಯುತ್ತವೆ. ಸುಮ್ಮನೆ ನಿಂತ 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ತುಂಬಿದ್ದರೆ ಸುಮಾರು 12.7, ಅರ್ಧ ಖಾಲಿಯಾದರೆ 12.2ರ ಆಸುಪಾಸು. ಇಡೀ ಕಥೆ ಅರ್ಧ ವೋಲ್ಟಿನೊಳಗೆ ನಡೆಯುವಾಗ ಕುಣಿಯುವ ಅಂಕಿಯನ್ನು ಇಟ್ಟುಕೊಂಡು ಏನು ಮಾಡುವುದು?

ಆನ್‌ಲೈನ್‌ನಲ್ಲಿ ತರಿಸಿದ ಮೊದಲ ಬೋರ್ಡ್ ಮೋಸದ್ದು. ಅದರಿಂದ ಬಂದ ಕಚ್ಚಾ ಅಂಕಿಗಳೆಲ್ಲ 16ರಿಂದ ಭಾಗವಾಗುತ್ತಿದ್ದವು. ಹಾಗಾದರೆ ಒಳಗಿರುವುದು 12 ಬಿಟ್‌ನ ಎಡಿಎಸ್1015. ಅದರ ಕೊನೆಯ ನಾಲ್ಕು ಬಿಟ್ ಯಾವಾಗಲೂ ಸೊನ್ನೆ. ಮಾರಿದವನು ಹಣ ವಾಪಸು ಕೊಡಲು ಒಂದು ತಿಂಗಳು ಸತಾಯಿಸಿದ. ಎರಡನೆಯದು ಅಸಲಿ. ನೀವು ಕೊಂಡರೆ ಮೊದಲ ದಿನವೇ ಈ ಪರೀಕ್ಷೆ ಮಾಡಿ.

ಅಸಲಿ ಬೋರ್ಡ್ ಬಂದ ಮೇಲೂ ತಪ್ಪು ಹೋಗಲಿಲ್ಲ. ಗಂಜಿನಲ್ಲಿ ಅಡತಿ ಅಂಗಡಿ ಇಟ್ಟಿರುವ ನಮ್ಮ ಕಾಕಾ ನೋಡಿ ನಕ್ಕರು: "ಹದಿನಾರು ಬಿಟ್ ಎಂದು ಹೇಳುತ್ತಿದ್ದೆಯಲ್ಲ ತಮ್ಮಾ, ಮತ್ತೆ ಸುಳ್ಳೇಕೆ ಹೇಳುತ್ತದೆ?" ಅವರಿಗೆ ಅವರ ತಕ್ಕಡಿಯ ಮಾತಿನಲ್ಲೇ ಉತ್ತರ ಕೊಟ್ಟೆ: "ಕಾಕಾ, ಮುಳ್ಳಿನ ಹಿಂದೆ ಎಷ್ಟು ಗೆರೆ ಕೊರೆದರೇನು, ತೂಕದ ಕಲ್ಲೇ ಸವೆದಿದ್ದರೆ?" ಬಿಟ್ ಎಂದರೆ ಗೆರೆಗಳು ಮಾತ್ರ. ±4.096 ವೋಲ್ಟ್ ವ್ಯಾಪ್ತಿಯಲ್ಲಿ ಒಂದು ಗೆರೆ 0.125 ಮಿಲಿವೋಲ್ಟ್. ಆ ಗೆರೆ ಸರಿಯಾದ ಜಾಗದಲ್ಲಿದೆಯೇ ಎಂಬುದು ಬೇರೆ ಪ್ರಶ್ನೆ.

ಕಲ್ಲಿನ ಬದಲು ನಾನು ಬಳಸಿದ್ದು ಎಡಿ584 ರೆಫರೆನ್ಸ್ ಬೋರ್ಡ್, ಅಂದರೆ ನಿಖರವಾದ ವೋಲ್ಟೇಜ್ ಕೊಡುವ ಬೋರ್ಡ್. ಅದು 2.5, 5, 7.5, 10 ವೋಲ್ಟ್ ಕೊಡುತ್ತದೆ. ಅದಕ್ಕೂ ಮೊದಲು ಹಳೆಯ ಮಲ್ಟಿಮೀಟರ್ ನೋಡಿ ಹೊಂದಿಸಿದ್ದೆ. ಆ ಮೀಟರಿನ ಸೆಲ್ ಇಳಿದುಹೋಗಿ ಅದೇ ಹೆಚ್ಚು ತೋರಿಸುತ್ತಿದ್ದದ್ದು ಆಮೇಲೆ ತಿಳಿಯಿತು. ಬ್ಯಾಟರಿ ತಂತಿಯನ್ನು ಬಿಚ್ಚಿ ಅದೇ ಜಾಗಕ್ಕೆ ರೆಫರೆನ್ಸ್ ಕೊಟ್ಟೆ. 5ಕ್ಕೆ 5.06, 10ಕ್ಕೆ 10.13 ಬಂತು. ಎರಡರ ಅಂತರ 5.07, ಐದರಿಂದ ಭಾಗಿಸಿದರೆ ಗೇನ್ (ಅಂಕಿ ಎಷ್ಟು ಪಟ್ಟು ಹಿಗ್ಗಿದೆ ಎಂಬುದು) 1.014; 5.06ರಿಂದ 5.07 ಕಳೆದರೆ ಆಫ್‌ಸೆಟ್ (ಎಲ್ಲ ಅಂಕಿಗೂ ಸಮನಾಗಿ ಸೇರಿದ ತಪ್ಪು) ಮೈನಸ್ 0.01. ಓದಿದ ಅಂಕಿಗೆ 0.01 ಕೂಡಿಸಿ 1.014ರಿಂದ ಭಾಗಿಸುವ ಒಂದು ಸಾಲು ಬರೆದರೆ ಮುಗಿಯಿತು. ಆ ಸಾಲು ಇಲ್ಲದಿದ್ದಾಗ ಅರ್ಧ ಖಾಲಿಯಾದ ಬ್ಯಾಟರಿ 12.36 ಎಂದು ಹೇಳಿ ನನ್ನನ್ನು ನೆಮ್ಮದಿಯಾಗಿ ಮಲಗಿಸುತ್ತಿತ್ತು.

ರೆಫರೆನ್ಸನ್ನು ಚಿಪ್ಪಿನ ಕಾಲಿಗೆ ನೇರವಾಗಿ ಕೊಡದೆ ರೆಸಿಸ್ಟರುಗಳ ಮುಂದೆ ಕೊಟ್ಟದ್ದಕ್ಕೆ ಕಾರಣವಿದೆ. ಬ್ಯಾಟರಿ ಕಡೆಯ 15 ವೋಲ್ಟ್‌ವರೆಗಿನ ವೋಲ್ಟೇಜನ್ನು ಚಿಪ್ಪಿನ ವ್ಯಾಪ್ತಿಯೊಳಗೆ ತಗ್ಗಿಸಲು 100 ಕಿಲೋಓಮ್ ಮತ್ತು 33 ಕಿಲೋಓಮ್ ಜೋಡಿಸಿದ್ದೇನೆ. ಚಿಪ್ಪಿನ ಒಳಪ್ರತಿರೋಧ ಕೆಲವೇ ಮೆಗಾಓಮ್, ಅದೂ ಸ್ವಲ್ಪ ಕರೆಂಟ್ ಎಳೆಯುತ್ತದೆ. ಮುಂದೆ ಕೊಟ್ಟರೆ ಈ ತಪ್ಪುಗಳೆಲ್ಲ ಒಂದೇ ಲೆಕ್ಕದಲ್ಲಿ ಸೇರಿಬಿಡುತ್ತವೆ. ವ್ಯಾಪ್ತಿ ಬದಲಿಸಿದರೆ ಆ ಪ್ರತಿರೋಧವೂ ಬದಲಾಗುವುದುಂಟು, ಆಗ ಹಳೆಯ ಗೇನ್ ಹೊಂದುವುದಿಲ್ಲ. ಇದಕ್ಕೆ ನಾನು ಒಂದು ಭಾನುವಾರ ಪೂರ್ತಿ ತೆತ್ತಿದ್ದೇನೆ.

ನಿಜವಾದ ಪಾಠ ಕಲಿಸಿದ್ದು ಮೇ ತಿಂಗಳು. ಚಳಿಗಾಲದಲ್ಲಿ ಕೋಣೆಯೊಳಗೆ ಹೊಂದಿಸಿದ ಪೆಟ್ಟಿಗೆ ಮಧ್ಯಾಹ್ನ ಎರಡಕ್ಕೆ ಒಳಗೇ 55 ಡಿಗ್ರಿಗೆ ಏರಿತ್ತು. ರೆಫರೆನ್ಸನ್ನು ಮನೆಯೊಳಗೆ ತಂಪಿನಲ್ಲಿಟ್ಟು ಉದ್ದ ತಂತಿಯಿಂದ 10 ವೋಲ್ಟ್ ಕೊಟ್ಟೆ: 10.03. ಚಿಪ್ಪಿನ ಮೇಲೆ ಅನುಮಾನ ಬಂತು. ಆದರೆ ಅದರ ಗೇನ್ ಡಿಗ್ರಿಗೆ ಗರಿಷ್ಠ 40 ಪಿಪಿಎಂ (ಹತ್ತು ಲಕ್ಷದಲ್ಲಿ 40 ಪಾಲು) ಮಾತ್ರ ಅಲುಗಬಹುದೆಂದು ದತ್ತಾಂಶ ಪತ್ರದಲ್ಲಿದೆ, ಲೆಕ್ಕ ಕೂಡಲಿಲ್ಲ. ಕಳ್ಳ ಸಿಕ್ಕಿದ್ದು ರೆಸಿಸ್ಟರುಗಳಲ್ಲಿ. ಡಬ್ಬಿಯಿಂದ ಕೈಗೆ ಸಿಕ್ಕವನ್ನು ಹಾಕಿದ್ದೆ, ಶೇ 5ರ ಕಾರ್ಬನ್ ಫಿಲ್ಮ್. ಬಿಸಿಗೆ ಎರಡೂ ಒಂದೇ ಪ್ರಮಾಣದಲ್ಲಿ ಬದಲಾಗುವುದಿಲ್ಲ. ಶೇ 1ರ, 50 ಪಿಪಿಎಂ ಮೆಟಲ್ ಫಿಲ್ಮ್ ಹಾಕಿ ಮತ್ತೆ ಹೊಂದಿಸಿದೆ. ಖರ್ಚು ಒಂದು ಚಹಾದಷ್ಟು.

ಸೆಕೆಂಡಿಗೆ 860 ಅಳತೆಗಿಂತ ಹೆಚ್ಚು ಇದರಿಂದ ಸಿಗದು, ಧ್ವನಿ ಹಿಡಿಯುವವರು ಬೇರೆ ಚಿಪ್ ನೋಡಿಕೊಳ್ಳಲಿ. ಒಂದೇ ತಂತಿಯನ್ನು ಗ್ರೌಂಡಿಗೆ ಹೋಲಿಸಿ ಅಳೆಯುವ ಸಾಮಾನ್ಯ ಜೋಡಣೆಯಲ್ಲಿ ಮೈನಸ್ ಕಡೆಯ ಅರ್ಧ ವ್ಯರ್ಥವಾಗಿ 15 ಬಿಟ್ ಮಾತ್ರ ಕೈಗೆ ಬರುತ್ತದೆ, ಅದನ್ನು ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ. ಮಾಡ್ಯೂಲಿನ ಗ್ರೌಂಡ್ ತಂತಿಯನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ನಿಂದಲೇ ಎಳೆಯಿರಿ; ಇನ್ವರ್ಟರಿನ ತಂತಿಗೆ ಸೇರಿಸಿದ್ದಾಗ ಫ್ಯಾನ್ ಹಾಕಿದರೆ ಅಂಕಿ ಜಿಗಿಯುತ್ತಿತ್ತು.

ಈ ಮೇ ತಿಂಗಳಲ್ಲಿ, ಅದೇ ಮಧ್ಯಾಹ್ನ ಎರಡು ಗಂಟೆಗೆ, 10 ವೋಲ್ಟಿಗೆ 10.004 ತೋರಿಸಿತು. ಮುಟ್ಟದೆ ಕೆಳಗಿಳಿದೆ.