ಡೇರಿ ಲೆಕ್ಕಕ್ಕೆ ಎಂಟಿಟಿ ಕಟ್ಟುವ ಮೂರು ಬಗೆ: ಮೂರನ್ನೂ ಬರೆದು ನೋಡಿದೆ

ನಮ್ಮೂರ ಹಾಲಿನ ಡೇರಿಗೆ ಲೆಕ್ಕ ಇಡುವ ಸಣ್ಣ ಬ್ಯಾಕೆಂಡ್ (ಪರದೆಯ ಹಿಂದೆ ನಡೆಯುವ ಪ್ರೋಗ್ರಾಂ) ಬರೆದುಕೊಡ್ತೀನಿ ಅಂತ ಒಪ್ಪಿಕೊಂಡಿದ್ದೆ. ಸದಸ್ಯರು 180 ಮಂದಿ. ದಿನಕ್ಕೆ ಎರಡು ಹೊತ್ತು ಹಾಲು. ಪ್ರತಿ ಸಲ ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನ ಅಂಶ) ಎಷ್ಟು ಅಂತ ಬರೆದುಕೊಂಡು, ದರ ಪಟ್ಟಿ ನೋಡಿ ಹಣ ಲೆಕ್ಕ ಹಾಕಬೇಕು. 15 ದಿನಕ್ಕೊಮ್ಮೆ ಬಟವಾಡೆ. ಹಿಂಡಿ, ಬೂಸಾ ಸಾಲ ತೆಗೆದುಕೊಂಡಿದ್ದರೆ ಅದನ್ನು ಬಟವಾಡೆಯಲ್ಲಿ ಮುರಿದುಕೊಳ್ಳಬೇಕು. ಇಷ್ಟೇ ಕೆಲಸ. ಎಲ್ಲರೂ ಎರಡು ಹೊತ್ತೂ ಹಾಲು ಹಾಕಿದರೆ ಒಂದು ಬಟವಾಡೆಗೆ 5,400 ಸಾಲು. ಕಂಪ್ಯೂಟರಿಗೆ ಇದು ಏನೇನೂ ಅಲ್ಲ.

ತಲೆ ಕೆಡಿಸಿದ್ದು ಸದಸ್ಯ, ಹಾಲು, ದರ, ಬಟವಾಡೆ ಇವುಗಳ ನಡುವಿನ ಸಂಬಂಧ. ಹೀಗೆ ಲೆಕ್ಕ ಇಡಬೇಕಾದ ಒಂದೊಂದಕ್ಕೂ ಎಂಟಿಟಿ ಅಂತಾರೆ. ಸ್ಪ್ರಿಂಗ್ ಬೂಟ್ (ಜಾವಾ ಚೌಕಟ್ಟು) ಮತ್ತು ಪೋಸ್ಟ್‌ಗ್ರೆಸ್ (ಡೇಟಾಬೇಸ್) ಇಟ್ಟುಕೊಂಡು ಅದೇ ಡೇಟಾಗೆ ಮೂರು ಸಲ ಮೂರು ರೀತಿ ಬರೆದೆ. ಮೂರಕ್ಕೂ ಒಂದೇ ಪರೀಕ್ಷೆ: ಬೆಳಗಿನ ಹಾಲಿನ ಪಟ್ಟಿ ತೋರಿಸು, ಬಟವಾಡೆ ಮಾಡು, ದರ ಬದಲಿಸು, ಮತ್ತು ಸದಸ್ಯತ್ವ ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸು. ಕೊನೆಯದೇ ಎಲ್ಲಕ್ಕಿಂತ ಜಾಸ್ತಿ ಕಲಿಸಿತು.

ಮೊದಲ ಬಗೆ ನಮ್ಮಲ್ಲಿ ಬಹಳ ಜನ ಮಾಡುವಂಥದ್ದೇ. ಜೆಪಿಎ, ಅಂದರೆ ಜಾವಾ ಕ್ಲಾಸುಗಳನ್ನು ಡೇಟಾಬೇಸ್ ಟೇಬಲುಗಳಿಗೆ ಜೋಡಿಸುವ ನಿಯಮಾವಳಿ, ಮತ್ತು ಅದನ್ನು ನಡೆಸುವ ಹೈಬರ್ನೇಟ್. ಸದಸ್ಯನ ಕ್ಲಾಸಿನೊಳಗೆ ಹಾಲಿನ ಲಿಸ್ಟ್, ಹಾಲಿನ ಕ್ಲಾಸಿನೊಳಗೆ ಮತ್ತೆ ಸದಸ್ಯ. ಎಲ್ಲಿಂದ ಎಲ್ಲಿಗೆ ಬೇಕಾದರೂ ಚುಕ್ಕಿ ಹಾಕಿಕೊಂಡು ಹೋಗಬಹುದು. ಬರೆಯುವಾಗ ಖುಷಿಯಾಗುತ್ತೆ. ಆ ಎಂಟಿಟಿಯನ್ನೇ ನೇರವಾಗಿ ಜೆಸಾನ್ (ಡೇಟಾ ಕಳಿಸುವ ಪಠ್ಯ ರೂಪ) ಮಾಡಿ ಕಳಿಸಿದಾಗ ತೊಂದರೆ ಶುರುವಾಯಿತು. ಸದಸ್ಯನೊಳಗೆ ಹಾಲು, ಹಾಲಿನೊಳಗೆ ಅದೇ ಸದಸ್ಯ, ಅವನೊಳಗೆ ಮತ್ತೆ ಹಾಲು. ಈ ಸುತ್ತು ಮುಗಿಯದೆ ಸ್ಟ್ಯಾಕ್ (ಪ್ರೋಗ್ರಾಂ ಬಳಸುವ ಮೆಮೊರಿ) ತುಂಬಿ ನಿಂತುಹೋಯಿತು. ಹೊರಗೆ ಕಳಿಸಲು ಬೇರೆ ಕ್ಲಾಸ್ ಮಾಡಿಕೊಂಡರೆ ಇದು ಸರಿಹೋಗುತ್ತೆ. ಅದನ್ನು ಮೊದಲ ದಿನವೇ ಮಾಡಿಬಿಡಿ.

ಆಮೇಲೆ ಲಾಗ್ ತೆರೆದು ನೋಡಿದೆ. ಬೆಳಗಿನ ಪಟ್ಟಿ ಒಂದಕ್ಕೆ 181 ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಹೋಗಿದ್ದವು. ಹಾಲಿನ ಸಾಲುಗಳಿಗೆ ಒಂದು, ಪ್ರತಿ ಸದಸ್ಯನ ಹೆಸರಿಗೆ ಒಂದೊಂದು. ಜೆಪಿಎಯಲ್ಲಿ ಬೇರೆ ಹೇಳದೇ ಇದ್ದರೆ ಮೆನಿ-ಟು-ಒನ್ ಸಂಬಂಧ (ಹಲವು ಹಾಲಿನ ಸಾಲಿಗೆ ಒಬ್ಬ ಸದಸ್ಯ) ಈಗರ್ ಆಗಿರುತ್ತೆ, ಅಂದರೆ ಕೂಡಲೇ ತರುತ್ತೆ; ಒನ್-ಟು-ಮೆನಿ (ಒಬ್ಬ ಸದಸ್ಯನಿಗೆ ಹಲವು ಸಾಲು) ಲೇಜಿ ಆಗಿರುತ್ತೆ, ಅಂದರೆ ಬೇಕಾದಾಗ ಮಾತ್ರ ತರುತ್ತೆ. ಇದು ಗೊತ್ತಿದ್ದೂ ಮರೆತಿದ್ದೆ. ಎಲ್ಲವನ್ನೂ ಲೇಜಿ ಮಾಡಿ, ಬೇಕಾದ ಕಡೆ ಜಾಯಿನ್ ಫೆಚ್ (ಎರಡು ಟೇಬಲ್ ಜೋಡಿಸಿ ಒಂದೇ ಸಲ ತರುವುದು) ಬರೆದ ಮೇಲೆ 181 ಹೋಗಿ 1 ಆಯಿತು. ಅಂದರೆ ತಪ್ಪು ಹೈಬರ್ನೇಟ್‌ದಲ್ಲ. ಆದರೆ ಪ್ರತಿ ಹೊಸ ಪರದೆಗೂ ಲಾಗ್ ನೋಡುವ ಅಭ್ಯಾಸ ಇಟ್ಟುಕೊಳ್ಳಲೇಬೇಕು.

ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ದರ. ಹಾಲಿನ ಸಾಲಿನಲ್ಲಿ ದರ ಪಟ್ಟಿಯ ಸಾಲಿಗೆ ಒಂದು ಕೊಂಡಿ ಇಟ್ಟಿದ್ದೆ, ಹಣವನ್ನು ಅಲ್ಲಿಂದಲೇ ಲೆಕ್ಕ ಹಾಕುತ್ತಿದ್ದೆ. ಒಂದೇ ಮಾಹಿತಿ ಎರಡು ಕಡೆ ಇರಬಾರದು ಅಂತ ಓದಿದ್ದೆವಲ್ಲ, ಆ ಲೆಕ್ಕದಲ್ಲಿ. ಪರೀಕ್ಷೆಗೆ ದರ 36 ರೂಪಾಯಿಯಿಂದ 37.50ಕ್ಕೆ ಬದಲಿಸಿದೆ. ಹಿಂದಿನ ತಿಂಗಳು 6.2 ಲೀಟರ್ ಹಾಕಿ 223.20 ಪಡೆದವರ ರಸೀದಿ 232.50 ತೋರಿಸತೊಡಗಿತು! ಕೊಟ್ಟು ಮುಗಿದ ಹಣ ಹಿಂದಕ್ಕೆ ಹೋಗಿ ಬದಲಾಗಬಾರದು. ದರ ಪಟ್ಟಿಯಲ್ಲಿರುವುದು ಇವತ್ತಿನ ದರ. ಹಾಲಿನ ಸಾಲಿನಲ್ಲಿರುವುದು ಆ ಹೊತ್ತಿಗೆ ಒಪ್ಪಿಕೊಂಡ ದರ. ಹೆಸರು ಒಂದೇ ಆದರೂ ಇವು ಎರಡು ಬೇರೆ ಮಾಹಿತಿ. ಮೂರೂ ಬಗೆಯಲ್ಲಿ ದರವನ್ನು ಹಾಲಿನ ಸಾಲಿಗೇ ನಕಲು ಮಾಡಿ ಇಟ್ಟೆ.

ಎರಡನೆಯದು ಜೆಸಾನ್‌ಬಿ, ಅಂದರೆ ಜೆಸಾನ್ ಇಡುವ ಪೋಸ್ಟ್‌ಗ್ರೆಸ್ ಕಾಲಂ. ಒಬ್ಬ ಸದಸ್ಯನ 15 ದಿನದ ಹಾಲು, ಕಡಿತ, ಒಟ್ಟು ಎಲ್ಲವೂ ಒಂದೇ ಕಾಲಂನಲ್ಲಿ. ಒಂದೇ ಸಲ ಓದಿದರೆ ಬಟವಾಡೆ ಚೀಟಿ ಕೈಗೆ ಬಂತು. ಜಾಯಿನ್ ಬೇಡ, ಏನೂ ಬೇಡ. ಒಂದು ದಿನ ಇದೇ ಸಾಕಲ್ವಾ ಅನ್ನಿಸಿದ್ದೂ ನಿಜ. ಮರುದಿನ "ಜಾಸ್ತಿ ಹಾಲು ಹಾಕಿದವರು ಯಾರು" ಅಂತ ಪಟ್ಟಿ ತೆಗೆದೆ. 10.5 ಲೀಟರ್ ಹಾಕಿದವರು 6.2 ಲೀಟರ್ ಹಾಕಿದವರಿಗಿಂತ ಕೆಳಗೆ ಕೂತಿದ್ದರು. ಜೆಸಾನ್ ಒಳಗಿನ ಬೆಲೆಯನ್ನು ಪಠ್ಯವಾಗಿ ತೆಗೆದಿದ್ದೆ, ಅಕ್ಷರದ ಲೆಕ್ಕದಲ್ಲಿ 1 ಚಿಕ್ಕದು, 6 ದೊಡ್ಡದು. ಸಂಖ್ಯೆಗೆ ಬದಲಿಸಿದರೆ ಸರಿಯಾಗುತ್ತೆ. ಆದರೆ ಜೆಸಾನ್ ಒಳಗಿರುವ ಸದಸ್ಯ ಸಂಖ್ಯೆಗೆ ನೇರವಾಗಿ ಫಾರಿನ್ ಕೀ (ಆ ಸದಸ್ಯ ನಿಜವಾಗಿ ಇದ್ದಾನಾ ಅಂತ ಡೇಟಾಬೇಸೇ ನೋಡುವ ಕಟ್ಟು) ಹಾಕಲು ಆಗಲ್ಲ. ಇಲ್ಲದ ಸದಸ್ಯನ ಹೆಸರಲ್ಲಿ ಬೂಸಾ ಬಾಕಿ ಬರೆದರೂ ಪೋಸ್ಟ್‌ಗ್ರೆಸ್ ಸುಮ್ನೆ ಒಪ್ಪಿಕೊಳ್ಳುತ್ತೆ. ದಿನಾ ಬದಲಾಗುವ ಲೆಕ್ಕಕ್ಕೆ ಇದು ಬೇಡ.

ಮೂರನೆಯದು ಸ್ಪ್ರಿಂಗ್ ಡೇಟಾ ಜೆಡಿಬಿಸಿ, ಹೈಬರ್ನೇಟ್ ಇಲ್ಲದೆ ಟೇಬಲ್ ಓದಿ ಬರೆಯುವ ಲೈಬ್ರರಿ. ಇಲ್ಲಿ ಲೇಜಿ ಲೋಡಿಂಗ್ ಇಲ್ಲ. ಒಟ್ಟಿಗೆ ಬದಲಾಗುವ ವಸ್ತುಗಳು ಒಂದು ಅಗ್ರಿಗೇಟ್. ಅಗ್ರಿಗೇಟಿನಿಂದ ಹೊರಗೆ ಇರುವುದಕ್ಕೆ ಬರೀ ಐಡಿ. ಮೊದಲು ನಾನು ಸದಸ್ಯನೊಳಗೇ ಹಾಲನ್ನೆಲ್ಲ ತುಂಬಿದೆ, ಹಳೆ ಅಭ್ಯಾಸ. ಒಬ್ಬರ ಫೋನ್ ನಂಬರ್ ತಿದ್ದಿ ಸೇವ್ ಮಾಡಿದರೆ, ಅವರ ಹಾಲಿನ ಸಾಲುಗಳನ್ನೆಲ್ಲ ಅಳಿಸಿ ಮತ್ತೆ ಮೊದಲಿನಿಂದ ಬರೆಯಿತು. ಅಗ್ರಿಗೇಟಿನ ಒಳಗಿನ ಸಾಲುಗಳನ್ನು ಹೀಗೆ ಅಳಿಸಿ ಬರೆಯುವುದೇ ಅದರ ರೀತಿ. ನೋಡಿ ಬೆಚ್ಚಿದೆ, ಆದರೆ ಅದರಿಂದಲೇ ಒಂದು ಪ್ರಶ್ನೆ ಹುಟ್ಟಿತು. ಫೋನ್ ನಂಬರಿಗೂ ನಿನ್ನೆ ಸಂಜೆಯ ಹಾಲಿಗೂ ಏನು ಸಂಬಂಧ? ಏನೂ ಇಲ್ಲ. ಹಾಗಾದರೆ ಎರಡನ್ನೂ ಒಂದೇ ಗಂಟಿನಲ್ಲಿ ಯಾಕೆ ಕಟ್ಟಿದೆ?

ಗಂಟು ಬಿಚ್ಚಿದೆ. ಪ್ರತಿ ಹೊತ್ತಿನ ಹಾಲು ತಾನೇ ಒಂದು ಅಗ್ರಿಗೇಟ್, ಅದರಲ್ಲಿ ಸದಸ್ಯನ ಐಡಿ ಮಾತ್ರ. ಬಟವಾಡೆ ಮತ್ತು ಅದರ ಕಡಿತದ ಸಾಲುಗಳು ಒಟ್ಟಿಗೆ, ಯಾಕೆಂದರೆ ಬಟವಾಡೆ ಇಲ್ಲದೆ ಕಡಿತಕ್ಕೆ ಅರ್ಥವೇ ಇಲ್ಲ. ಕೋಡಿನಲ್ಲಿ ಐಡಿ ಮಾತ್ರ ಇದ್ದರೂ ಡೇಟಾಬೇಸಿನಲ್ಲಿ ಫಾರಿನ್ ಕೀ ಇಟ್ಟೇ ಇಟ್ಟೆ. ಪಟ್ಟಿ ತೋರಿಸಲು ಕೈಯಲ್ಲೇ ಒಂದು ಜಾಯಿನ್ ಕ್ವೆರಿ ಬರೆಯಬೇಕು. ಬರೆಯುವುದು ಜಾಸ್ತಿ, ನಿಜ. ಆದರೆ ನಾನು ಬರೆಯದ ಒಂದು ಕ್ವೆರಿಯೂ ಪಟ್ಟಿ ತೆಗೆಯುವಾಗ ಹೋಗಲ್ಲ.

ಇನ್ನು ಆ ವರ್ಗಾವಣೆ. ಮೊದಲ ಬಗೆಯಲ್ಲಿ ಪಾಸ್‌ಬುಕ್ಕಿಗೂ ಜನರಿಗೂ ಮೆನಿ-ಟು-ಮೆನಿ ಹಾಕಿದ್ದೆ. ಒಂದು ಪಾಸ್‌ಬುಕ್ಕಿಗೆ ಕಾಲಕಾಲಕ್ಕೆ ಬೇರೆಬೇರೆ ಜನ, ಒಬ್ಬರ ಹೆಸರಲ್ಲಿ ಎರಡು ಪಾಸ್‌ಬುಕ್ಕೂ ಇರಬಹುದು ಅಂತ. ಆ ಜನರನ್ನು ಜಾವಾದ ಲಿಸ್ಟಿನಲ್ಲಿ ಇಟ್ಟಿದ್ದೆ. ಒಬ್ಬರನ್ನು ತೆಗೆದರೆ ಹೈಬರ್ನೇಟ್ ಆ ಪಾಸ್‌ಬುಕ್ಕಿನ ಎಲ್ಲ ಕೊಂಡಿಗಳನ್ನೂ ಅಳಿಸಿ, ಉಳಿದವರನ್ನು ಮತ್ತೆ ಸೇರಿಸಿತು. ಸೆಟ್ (ಒಂದೇ ವಸ್ತು ಎರಡು ಸಲ ಬರದ ಗುಂಪು) ಬಳಸಿದ ಮೇಲೆ ಒಂದೇ ಸಾಲು ಅಳಿಯಿತು. ಅಷ್ಟಕ್ಕೆ ಸಮಾಧಾನ ಪಟ್ಟಿದ್ದೆ.

ಕಾರ್ಯದರ್ಶಿಯವರ ಪಕ್ಕ ಕೂತು ಹಳೆ ಲೆಡ್ಜರ್ ತಿರುವಿ ಹಾಕುವಾಗ 47ನೇ ನಂಬರ್ ಬಂತು. ಯಜಮಾನರು ತೀರಿಕೊಂಡಿದ್ದಾರೆ, ಹೆಂಡತಿ ಹಾಲು ಹಾಕುತ್ತಿದ್ದಾರೆ. "ನಂಬರ್ ಅದೇ ಇರುತ್ತೆ ಕಣಪ್ಪ, ಹೆಸರು ಬದಲಾಗುತ್ತೆ ಅಷ್ಟೆ" ಅಂದರು. ಯಾವಾಗಿಂದ ಸಾರ್ ಅಂತ ಕೇಳಿದೆ. ಅವರು ಲೆಡ್ಜರಿನ ಅಂಚಿನಲ್ಲಿ ಕೆಂಪು ಇಂಕಿನ ಒಂದು ಗೆರೆ ತೋರಿಸಿದರು. ಗೆರೆಯ ಪಕ್ಕ ತಾರೀಖು, ಸಭೆಯ ಠರಾವಿನ ಸಂಖ್ಯೆ, ಅವರ ಸಹಿ. ಗೆರೆಯ ಮೇಲಿನ ಹಾಲು ಯಜಮಾನರದು, ಕೆಳಗಿನದು ಅವರ ಹೆಂಡತಿಯದು.

ಪಾಸ್‌ಬುಕ್ಕಿಗೂ ಜನರಿಗೂ ಕೊಂಡಿ ಹಾಕುವ ನನ್ನ ಜಾಯಿನ್ ಟೇಬಲಿನಲ್ಲಿ ಆ ಕೆಂಪು ಗೆರೆಗೆ ಜಾಗವೇ ಇರಲಿಲ್ಲ. ಎರಡು ಐಡಿ, ಮುಗಿಯಿತು. ಕಂಪ್ಯೂಟರ್ ವಿಜ್ಞಾನಿ ಪೀಟರ್ ಚೆನ್ 1976ರಲ್ಲೇ ಎಂಟಿಟಿ-ರಿಲೇಷನ್‌ಶಿಪ್ ಮಾದರಿ ಮಂಡಿಸಿದಾಗ ಸಂಬಂಧಕ್ಕೂ ತನ್ನದೇ ಗುಣಗಳು ಇರಬಹುದು ಅಂತ ಹೇಳಿದ್ದರು. ಕಾಲೇಜಿನಲ್ಲಿ ಸಂಬಂಧ ತೋರಿಸುವ ಆ ವಜ್ರದಾಕಾರದ ಚಿತ್ರ ಎಷ್ಟು ಸಲ ಬಿಡಿಸಿದ್ದೇನೋ! ಕಾರ್ಯದರ್ಶಿಯವರು ಅದನ್ನು ಓದದೆಯೇ ಲೆಡ್ಜರಿನಲ್ಲಿ ಮಾಡಿದ್ದರು. ಮೆನಿ-ಟು-ಮೆನಿ ಕಿತ್ತುಹಾಕಿ "ಸದಸ್ಯತ್ವ" ಅಂತ ಒಂದು ಎಂಟಿಟಿ ಮಾಡಿದೆ: ಪಾಸ್‌ಬುಕ್, ವ್ಯಕ್ತಿ, ಯಾವಾಗಿಂದ, ಯಾವಾಗಿನವರೆಗೆ, ಠರಾವಿನ ಸಂಖ್ಯೆ. ಒಂದೇ ಪಾಸ್‌ಬುಕ್ಕಿಗೆ ಎರಡು ಸದಸ್ಯತ್ವದ ತಾರೀಖು ಒಂದರ ಮೇಲೊಂದು ಬರದ ಹಾಗೆ ಪೋಸ್ಟ್‌ಗ್ರೆಸ್‌ನಲ್ಲಿ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ಹಾಕಿದೆ. ಇದು ಜೆಪಿಎಯಲ್ಲೂ ಆಗುತ್ತೆ, ಜೆಡಿಬಿಸಿಯಲ್ಲೂ ಆಗುತ್ತೆ. ಜೆಸಾನ್‌ಬಿ ಬಗೆಯಲ್ಲಿ ಮಾತ್ರ ಅದನ್ನೆಲ್ಲ ನಾವೇ ಕೋಡಿನಲ್ಲಿ ಕಾಯಬೇಕು.

ನಾನು ಉಳಿಸಿಕೊಂಡಿದ್ದು ಮೂರನೆಯದನ್ನು. ಜೊತೆಗೆ ಮುಗಿದ ಬಟವಾಡೆಯ ಚೀಟಿಯನ್ನು ಜೆಸಾನ್‌ಬಿಯಲ್ಲಿ ಒಂದು ಪ್ರತಿ ಇಡುತ್ತೇನೆ. ಅದನ್ನು ಯಾರೂ ಮತ್ತೆ ತಿದ್ದಲ್ಲ, ಹಾಗಾಗಿ ಅಲ್ಲಿ ಅದು ಚೆನ್ನಾಗಿ ಹೊಂದುತ್ತೆ. ನಿಮ್ಮ ತಂಡಕ್ಕೆ ಹೈಬರ್ನೇಟ್ ಕೈಗೆ ಹಿಡಿದಿದ್ದರೆ ಸುಮ್ನೆ ಬದಲಾಯಿಸಬೇಡಿ. ಸಂಬಂಧ ಒಂದೇ ಕಡೆಗೆ ಇರಲಿ, ಎಲ್ಲವೂ ಲೇಜಿ ಇರಲಿ, ಮೆನಿ-ಟು-ಮೆನಿ ಹಾಕುವ ಮೊದಲು "ಯಾವಾಗಿಂದ" ಅಂತ ಒಂದು ಸಲ ಕೇಳಿ ನೋಡಿ.

ಒಂದು ಇನ್ನೂ ಬಾಕಿ ಇದೆ. 47ರ ಯಜಮಾನರು ತೆಗೆದುಕೊಂಡಿದ್ದ ಎರಡು ಮೂಟೆ ಬೂಸಾದ ಸಾಲ ಪಾಸ್‌ಬುಕ್ಕಿನದೋ, ಅವರದೋ? ಸದ್ಯಕ್ಕೆ ಪಾಸ್‌ಬುಕ್ಕಿಗೆ ಕಟ್ಟಿದ್ದೇನೆ, ಅಂದರೆ ಅದು ಹೆಂಡತಿಯ ಬಟವಾಡೆಯಲ್ಲಿ ಮುರಿಯುತ್ತೆ. ಕೋಡಿನಲ್ಲಿ ಇದು ಒಂದು ಕಾಲಂನ ವಿಷಯ, ಆ ಮನೆಗೆ ಹಾಗಲ್ಲ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಕೇಳ್ತೀನಿ ಅಂತ ಕಾರ್ಯದರ್ಶಿಯವರು ಹೇಳಿದ್ದಾರೆ. ಅಲ್ಲಿಯವರೆಗೆ ಆ ಕಡಿತವನ್ನು ತಡೆದು ಇಟ್ಟಿದ್ದೇನೆ.